ಬೆಳ್ಳಗಿರುವುದೆಲ್ಲ ಕವಚವಲ್ಲ

ನಮ್ಮ ಫ್ಯಾಕ್ಟರಿಯ ಸ್ಟೋರ್ಸ್ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರ ಮೇಲೆ ಕೆಂಪು ಮಾರ್ಕರ್‌ನಲ್ಲಿ, ದಪ್ಪ ಅಕ್ಷರದಲ್ಲಿ ‘ಕೆಮಿಕಲ್ ಕೆಲಸಕ್ಕೆ ಅಲ್ಲ’ ಎಂದು ಬರೆದಿದೆ. ಆ ಅಕ್ಷರ ನನ್ನದೇ. ಆ ಮೂರು ಪದ ಬರೆಯುವಷ್ಟು ಬುದ್ಧಿ ಬರಲು ನನಗೊಂದು ಪಾಠ ಬೇಕಾಯಿತು. ಬೇಸರವೆಂದರೆ, ಆ ಪಾಠಕ್ಕೆ ಫೀಸು ಕಟ್ಟಿದ್ದು ನಾನಲ್ಲ.

ನಮ್ಮದು ಶಿರಾ ಕಡೆಯ ಹಳ್ಳಿ. ಬಿ.ಎಸ್ಸಿ ಮುಗಿಯುವ ಹೊತ್ತಿಗೆ ಲಾಕ್‌ಡೌನ್. ಒಂದೂವರೆ ವರ್ಷ ಅಪ್ಪನ ಜೊತೆ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತು, ಮನೆಗೆ ಬಂದ ನೆಂಟರೆಲ್ಲ ‘ಮುಂದೇನಪ್ಪಾ?’ ಎಂದು ಕೇಳುವುದನ್ನು ಸಹಿಸಿಕೊಂಡು, ಕೊನೆಗೆ 2021ರ ಕೊನೆಯಲ್ಲಿ ಒಂದು ಕೆಲಸ ಸಿಕ್ಕಿತು. ಮಧ್ಯಮ ಗಾತ್ರದ ಕೆಮಿಕಲ್ ಫ್ಯಾಕ್ಟರಿ. ನಾನು ಸ್ಟೋರ್ಸ್ ಅಸಿಸ್ಟೆಂಟ್. ನಟ್ಟು ಬೋಲ್ಟಿನಿಂದ ಹಿಡಿದು ಫಿನಾಯಿಲ್‌ವರೆಗೆ ಯಾರಿಗೆ ಏನು ಬೇಕಾದರೂ ಇಂಡೆಂಟ್ ಚೀಟಿ ನನ್ನ ಕೌಂಟರಿಗೆ ಬರುತ್ತಿತ್ತು. ಮೂರು ಕಡೆಯಿಂದ ಕೊಟೇಷನ್ ತರಿಸು, ಕಡಿಮೆ ರೇಟಿನವನಿಗೆ ಆರ್ಡರ್ ಹಾಕು. ಮೊದಲ ದಿನವೇ ಕಲಿಸಿದ ಮಂತ್ರ ಇದು.

ಒಂದು ದಿನ ಬಂದ ಚೀಟಿಯಲ್ಲಿ ‘ಡಿಸ್ಪೋಸಬಲ್ ಕವರಾಲ್, ಬಿಳಿ, 200’ ಎಂದಷ್ಟೇ ಇತ್ತು. ಯಾವ ಕೆಲಸಕ್ಕೆ, ಯಾವ ಕೆಮಿಕಲ್ಲಿಗೆ, ಯಾವ ಸೈಜು ಎಂಬುದೊಂದೂ ಇಲ್ಲ. ತಲೆಯಿಂದ ಕಾಲಿನವರೆಗೆ ಮುಚ್ಚುವ, ಮುಂದೆ ಜಿಪ್ ಇರುವ, ಒಮ್ಮೆ ಬಳಸಿ ಎಸೆಯುವ ಆ ಬಿಳಿ ಸೂಟನ್ನು ನೀವೂ ನೋಡಿದ್ದೀರಿ. ಕೊರೊನಾ ಸಮಯದಲ್ಲಿ ಟಿ.ವಿ.ಯಲ್ಲಿ ದಿನವೂ ಅದೇ ಕಾಣುತ್ತಿತ್ತಲ್ಲ. ಬೆಂಗಳೂರಿನ ಎಷ್ಟೋ ಗಾರ್ಮೆಂಟ್ ಫ್ಯಾಕ್ಟರಿಗಳು 2020ರಲ್ಲಿ ಷರ್ಟು ಬಿಟ್ಟು ಪಿಪಿಇ ಕಿಟ್ ಹೊಲಿದವು. ಎರಡನೇ ಅಲೆ ಇಳಿದ ಮೇಲೆ ಮಿಕ್ಕ ಮಾಲು ಸಪ್ಲೈಯರ್‌ಗಳ ಗೋಡೌನಿನಲ್ಲಿ ಕೊಳೆಯುತ್ತಿತ್ತು. ನಾವು ಮೊದಲು ತರಿಸುತ್ತಿದ್ದ ಸೂಟಿನ ಕಾಲುಭಾಗ ಬೆಲೆಗೆ ಒಬ್ಬ ಕೊಡುತ್ತೇನೆಂದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಇದೂ ಬಿಳಿ, ಅದೂ ಬಿಳಿ. ಇದಕ್ಕೂ ಟೋಪಿ ಇದೆ, ಅದಕ್ಕೂ ಇದೆ. ಆರ್ಡರ್ ಹಾಕಿಬಿಟ್ಟೆ.

ಆ ತಿಂಗಳ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರೆದುರು ‘ಹುಡುಗ ಚೆನ್ನಾಗಿ ತಲೆ ಓಡಿಸಿದ್ದಾನೆ’ ಎಂದರು. ಕೆಲಸಕ್ಕೆ ಸೇರಿ ಮೂರೇ ತಿಂಗಳಿಗೆ ಸಿಕ್ಕ ಶಹಭಾಸ್‌ಗಿರಿ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿಕೊಂಡಿದ್ದೆ.

‘ಏನೋ ಜಾರ್ದಂಗೆ ಆಗ್ತೈತೆ ಮರಿ’

ಟ್ಯಾಂಕರ್ ಯಾರ್ಡಿನಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದಾರೆ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರು ದೊಡ್ಡಣ್ಣ. ಅವರಿಗೆ ನಾವೆಲ್ಲ ‘ಮರಿ’. ಹೊಸ ಸೂಟು ಕೈಗೆ ಬಂದ ದಿನ ಬೆರಳಲ್ಲಿ ಉಜ್ಜಿ ನೋಡಿ, ‘ಈ ಸಲದ್ದು ತೆಳ್ಳಗೈತಲ್ಲ ಮರಿ?’ ಎಂದರು. ‘ಹಗುರ ಅಣ್ಣ, ಸೆಕೆ ಆಗಲ್ಲ ನೋಡಿ’ ಎಂದೆ. ‘ಹಂಗಾದ್ರೆ ಸರಿ ಬಿಡು’ ಎಂದು ನಕ್ಕು ಹೋದರು. ಆ ನಗು ಈಗಲೂ ನೆನಪಾಗುತ್ತದೆ. ನನ್ನ ಮಾತು ನಂಬಿ ನಕ್ಕಿದ್ದರು ಅವರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕಾಸ್ಟಿಕ್ ಲೈ ಟ್ಯಾಂಕರ್ ಬಂದಿತ್ತು. ಕಾಸ್ಟಿಕ್ ಲೈ ಎಂದರೆ ನೀರಲ್ಲಿ ಕರಗಿಸಿದ ಸೋಡಿಯಂ ಹೈಡ್ರಾಕ್ಸೈಡ್. ನಮಗೆ ಬರುವುದು ಶೇ 48ರಷ್ಟು ಗಾಢವಾದದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ಸ್ವಲ್ಪ ಮಂದ, ಮುಟ್ಟಿದರೆ ಸೋಪಿನ ನೀರಿನ ಹಾಗೆ ಜಾರುತ್ತದೆ. ಜಾರುವುದಕ್ಕೂ ಕಾರಣವಿದೆ. ಎಣ್ಣೆಗೆ ಇದನ್ನು ಸೇರಿಸಿದರೆ ಸೋಪಾಗುತ್ತದೆ. ಮೈಗೆ ಬಿದ್ದರೆ ನಮ್ಮ ಚರ್ಮದ ಕೊಬ್ಬನ್ನೇ ಅದು ಸೋಪು ಮಾಡಲು ಶುರುಮಾಡುತ್ತದೆ. ಗಾಢ ಆಸಿಡ್ ಬಿದ್ದರೆ ಸಾಮಾನ್ಯವಾಗಿ ಕೂಡಲೇ ಉರಿ ಗೊತ್ತಾಗುತ್ತದೆ. ಇದು ಎಷ್ಟೋ ಸಲ ಮೊದಲು ನೋವೇ ಕೊಡುವುದಿಲ್ಲ. ಗೊತ್ತಾಗುವ ಹೊತ್ತಿಗೆ ಆಳಕ್ಕೆ ಇಳಿದಿರುತ್ತದೆ.

ಪಂಪ್ ನಿಂತ ಮೇಲೆ ದೊಡ್ಡಣ್ಣ ಹೋಸ್ ಬಿಚ್ಚುವಾಗ ಒಳಗೆ ಉಳಿದಿದ್ದ ಲೈ ಒಮ್ಮೆಲೇ ಚಿಮ್ಮಿ ಸೊಂಟಕ್ಕೆ, ತೊಡೆಗೆ ಬಡಿಯಿತು. ಕಣ್ಣಿಗೆ ಗಾಗಲ್, ಮುಖಕ್ಕೆ ಶೀಲ್ಡ್, ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟು ಇದ್ದವು. ಮೈಮೇಲೆ ನಾನು ತರಿಸಿದ ಸೂಟೂ ಇತ್ತು. ಅವರು ಸೂಟು ಕೊಡವಿಕೊಂಡು, ಹೋಸ್ ಸುತ್ತಿಟ್ಟು, ಡ್ರೈವರ್‌ನ ಪೇಪರಿಗೆ ಸಹಿ ಹಾಕಿಸಿಕೊಂಡು ನನ್ನ ಕೌಂಟರಿಗೆ ಬಂದರು. ಅಷ್ಟರಲ್ಲಿ ಇಪ್ಪತ್ತು ನಿಮಿಷವಾದರೂ ಆಗಿತ್ತು. ರಿಜಿಸ್ಟರಿಗೆ ಸಹಿ ಮಾಡುತ್ತಾ, ‘ಏನೋ ಒಳಗೆ ಜಾರ್ದಂಗೆ ಆಗ್ತೈತೆ ಮರಿ, ತುರೀತೈತೆ’ ಎಂದು ತೊಡೆ ಸವರಿಕೊಂಡರು.

ಪಕ್ಕದಲ್ಲಿ ನಮ್ಮ ಸೇಫ್ಟಿ ಆಫೀಸರ್ ಮೇಡಂ ನಿಂತಿದ್ದರು. ಆ ಒದ್ದೆ ನೋಡಿದ್ದೇ ತಡ, ಅವರ ತೋಳು ಹಿಡಿದು ಸೇಫ್ಟಿ ಶವರ್ ಕಡೆ ಓಡಿದರು. ನೀರು ಬಿಟ್ಟುಕೊಂಡೇ ಸೂಟು, ಒಳಗಿನ ಪ್ಯಾಂಟು ಎರಡನ್ನೂ ಕತ್ತರಿಸಿ ತೆಗೆದರು. ನಾನು ಕತ್ತರಿ ಹಿಡಿದು ನಿಂತವನು ಎಲ್ಲ ನೋಡಿದೆ. ಹೊಲಿಗೆ ಎಲ್ಲೆಲ್ಲಿ ಹೋಗಿತ್ತೋ, ಜಿಪ್ ಎಲ್ಲೆಲ್ಲಿತ್ತೋ ಅದೇ ಗೆರೆಯಲ್ಲಿ ಚರ್ಮ ಬದಲಾಗಿತ್ತು. ತೊಡೆಯ ಮೇಲೆ ಅಂಗೈಯಗಲ ಜಾಗ ಬಿಳಿಚಿಕೊಂಡಿತ್ತು. ಬಹಳ ಹೊತ್ತು ನೀರಿನಡಿ ನಿಲ್ಲಿಸಿ ಆಮೇಲೆ ಆಸ್ಪತ್ರೆಗೆ ಕರೆದೊಯ್ದರು. ಅಂಗೈಯಗಲದ ಆ ಜಾಗಕ್ಕೆ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ಎರಡು ತಿಂಗಳು ಮನೆಯಲ್ಲೇ.

ಸೂಟು ಇಲ್ಲದಿದ್ದರೆ ಅವರು ಆ ಇಪ್ಪತ್ತು ನಿಮಿಷ ಸುಮ್ಮನಿರುತ್ತಿರಲಿಲ್ಲ. ಲೈ ಬಿದ್ದ ಕ್ಷಣವೇ ನಲ್ಲಿಗೆ ಓಡುತ್ತಿದ್ದರು. ‘ಸೂಟೈತಲ್ಲ’ ಎಂಬ ಧೈರ್ಯವೇ ಅವರನ್ನು ನಿಲ್ಲಿಸಿತು. ಆ ಸುಳ್ಳು ಧೈರ್ಯವನ್ನು ಕಡಿಮೆ ರೇಟಿಗೆ ತಂದುಕೊಟ್ಟವನು ನಾನು.

ವರದಿಯಲ್ಲಿ ಇಲ್ಲದ ಸಾಲು

ಮೂರನೇ ದಿನ ಅಪಘಾತದ ವರದಿಯ ಕರಡು ಸಿದ್ಧವಾಯಿತು. ಕಾರಣ ಎಂಬಲ್ಲಿ ‘ಹೋಸ್ ಬಿಚ್ಚುವಾಗ ಕೆಲಸಗಾರನ ಅಜಾಗರೂಕತೆ’ ಎಂದಿತ್ತು. ‘ರಕ್ಷಣಾ ಉಡುಪು ಧರಿಸಿದ್ದರೇ?’ ಎಂಬುದರ ಎದುರು ‘ಹೌದು’ ಎಂದು ಟಿಕ್. ಮುಗಿಯಿತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮೇಡಂ ಸ್ಟೋರ್ಸಿಗೆ ಬಂದು, ‘ಈ ಸೂಟು ತರಿಸಿದ್ದು ಯಾರು?’ ಎಂದು ಕೇಳಿದರು. ‘ನಾನೇ ಮೇಡಂ’ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ‘ಯಾವ ಕೆಮಿಕಲ್ಲಿಗೆ ಅಂತ ಚೀಟಿಯಲ್ಲಿ ಬರೆದಿದ್ದರಾ?’ ಎಂದರು. ಇಲ್ಲ ಎಂದೆ. ‘ನೀನು ಕೇಳಿದೆಯಾ?’ ಅದಕ್ಕೂ ಇಲ್ಲ. ‘ಹಾಗಾದರೆ ಇದು ಒಬ್ಬರ ತಪ್ಪಲ್ಲ. ಆದರೆ ಯಾರಾದರೂ ಬರೆದುಕೊಡದಿದ್ದರೆ ದೊಡ್ಡಣ್ಣನ ತಪ್ಪು ಅಂತಲೇ ಉಳಿಯುತ್ತದೆ’ ಎಂದರು.

ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ, ಪರ್ಮನೆಂಟ್ ಆಗಿರಲಿಲ್ಲ. ಮನೆಯಲ್ಲಿ ತಂಗಿಯ ಕಾಲೇಜು ಫೀಸು ನನ್ನ ಸಂಬಳದಿಂದಲೇ ಹೋಗುತ್ತಿತ್ತು. ಎರಡು ದಿನ ಒದ್ದಾಡಿದೆ. ಮೂರನೇ ದಿನ ಒಂದು ಬಿಳಿ ಹಾಳೆ ತೆಗೆದುಕೊಂಡು, ‘ಸದರಿ ಸೂಟು ರಾಸಾಯನಿಕ ದ್ರವಕ್ಕೆ ತಯಾರಾದದ್ದಲ್ಲ. ಕಡಿಮೆ ಬೆಲೆ ನೋಡಿ ಖರೀದಿಗೆ ಹಾಕಿದ್ದು ನಾನು’ ಎಂದು ಬರೆದು ಸಹಿ ಮಾಡಿಕೊಟ್ಟೆ. ಮ್ಯಾನೇಜರ್ ಹದಿನೈದು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಆದರೆ ವರದಿಯ ಕಾರಣ ಬದಲಾಯಿತು. ‘ಅಜಾಗರೂಕತೆ’ ಹೋಗಿ, ‘ಕೆಲಸಕ್ಕೆ ಹೊಂದದ ರಕ್ಷಣಾ ಉಡುಪು, ಹೋಸ್ ಖಾಲಿ ಮಾಡುವ ವ್ಯವಸ್ಥೆಯ ಕೊರತೆ’ ಎಂದು ಬಂತು. ನನ್ನ ಕೆಲಸವೂ ಉಳಿಯಿತು.

ಇಂಗಿನ ಪೊಟ್ಟಣ, ಹೆಂಚಿನ ಮನೆ, ಥರ್ಮಾಕೋಲು

ಆಮೇಲೆ ಶುರುವಾಯಿತು ನನ್ನ ಅಸಲಿ ಓದು. ಪ್ರತಿ ಶನಿವಾರ ಸಂಜೆ ಮೇಡಂ ನನ್ನನ್ನೂ ನಾಲ್ಕಾರು ಆಪರೇಟರ್‌ಗಳನ್ನೂ ಕೂರಿಸಿಕೊಳ್ಳುತ್ತಿದ್ದರು.

ಮೊದಲ ದಿನ ಒಂದು ಲೋಟದ ಬಾಯಿಗೆ ಕೊರೊನಾ ಕಿಟ್ಟಿನ ಬಟ್ಟೆ ಕಟ್ಟಿ ಇಂಕು ಬೆರೆಸಿದ ನೀರು ಹಾಕಿದರು. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ನಿಂತಿತು. ‘ನೋಡಿದ್ರಾ, ಒಳಗೆ ಹೋಗಲಿಲ್ಲ’ ಎಂದೆ. ನಕ್ಕು, ಆ ನೀರಿಗೆ ಚೂರು ಸೋಪು ಸೇರಿಸಿ ಹಾಕಿ ಬೆರಳಿಂದ ಒತ್ತಿದರು. ಕೆಳಗಿಟ್ಟ ಟಿಶ್ಯೂ ನೀಲಿಯಾಯಿತು. ಇನ್ನೊಂದು ಲೋಟಕ್ಕೆ ಹೊಲಿಗೆ ಇರುವ ಭಾಗ ಕಟ್ಟಿದರು. ಅಲ್ಲಿ ಒತ್ತಿದ ಕೂಡಲೇ ಸೂಜಿಯ ತೂತುಗಳಿಂದ ಹನಿ ಇಳಿಯಿತು. ಆ ಬಟ್ಟೆ ಕೆಟ್ಟದ್ದೇನಲ್ಲ. ಅದು ಪಾಸಾಗಿದ್ದ ಪರೀಕ್ಷೆಯೇ ಬೇರೆ. ಕೊರೊನಾ ಕವರಾಲ್‌ಗಳಿಗೆ ನಮ್ಮ ದೇಶದಲ್ಲಿ ಐಎಸ್ 17423 ಎಂಬ ಮಾನದಂಡವಿದೆ. ಅಲ್ಲಿ ನೋಡುವುದು ಕೃತಕ ರಕ್ತ ಒಳಗೆ ಒಸರುತ್ತದೆಯೇ ಎಂದು. ರಕ್ತಕ್ಕೆ ಪರೀಕ್ಷೆ ಮಾಡಿದ್ದನ್ನು ಕಾಸ್ಟಿಕ್ ಲೈ ಮುಂದೆ ನಿಲ್ಲಿಸಿದ್ದು ನಾವು.

ಕೆಮಿಕಲ್ ಸೂಟಿನೊಳಗೆ ಮೂರು ದಾರಿಯಲ್ಲಿ ಬರುತ್ತದೆ ಎಂದು ಮೇಡಂ ಹೇಳಿದ್ದನ್ನು ನಾನು ನನ್ನದೇ ಉದಾಹರಣೆಗಳಲ್ಲಿ ನೆನಪಿಟ್ಟಿದ್ದೇನೆ. ಮೊದಲನೆಯದು ಹೆಂಚಿನ ಮನೆ ಸೋರುವ ರೀತಿ. ಹೆಂಚು ಗಟ್ಟಿಯೇ, ಆದರೆ ಸಂದಿಯಲ್ಲಿ ಮಳೆ ನುಗ್ಗುತ್ತದೆ. ಹೊಲಿಗೆ, ಜಿಪ್, ತೂತು, ಬಟ್ಟೆಯ ಎಳೆಗಳ ನಡುವಿನ ಜಾಗ, ಇವೇ ಆ ಸಂದಿಗಳು. ದೊಡ್ಡಣ್ಣನಿಗೆ ಆದದ್ದು ಇದು. ಎರಡನೆಯದು ಥರ್ಮಾಕೋಲಿನ ಮೇಲೆ ಪೆಟ್ರೋಲ್ ಹಾಕಿದ ಹಾಗೆ. ವಸ್ತುವೇ ಕರಗಿ, ಉಬ್ಬಿ, ಬಿರಿದು ಹಾಳಾಗುತ್ತದೆ. ಇದು ಕಣ್ಣಿಗಾದರೂ ಕಾಣುತ್ತದೆ.

ಮೂರನೆಯದು ಇಂಗಿನ ಪೊಟ್ಟಣ. ಪ್ಲಾಸ್ಟಿಕ್ ಕವರಿಗೆ ಸೀಲು ಹಾಕಿರುತ್ತಾರೆ, ಒಂದು ತೂತೂ ಇರುವುದಿಲ್ಲ. ಆದರೂ ಚೀಲವೆಲ್ಲ ಇಂಗಿನ ವಾಸನೆ! ಅಣು ಅಣುವಾಗಿ ಪ್ಲಾಸ್ಟಿಕ್ಕಿನೊಳಗಿಂದಲೇ ನುಸುಳಿ ಬಂದಿರುತ್ತದೆ. ಕೆಲವು ಕೆಮಿಕಲ್‌ಗಳೂ ಹಾಗೆ. ಮೇಲೆ ಒದ್ದೆಯಿಲ್ಲ, ಹರಿದಿಲ್ಲ, ಒಳಗೆ ಮಾತ್ರ ತಲುಪಿರುತ್ತದೆ.

ಇದಕ್ಕೆ ಜಗತ್ತೇ ಬೆಚ್ಚಿದ ಒಂದು ಉದಾಹರಣೆ ಇದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ವಿಷಲೋಹಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದವರು. 1996ರ ಆಗಸ್ಟ್‌ನಲ್ಲಿ ಅವರ ಕೈಯ ಲ್ಯಾಟೆಕ್ಸ್ ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿತ್ತು. ಗ್ಲೌಸ್ ಹರಿದಿರಲಿಲ್ಲ. ತಿಂಗಳುಗಳ ಬಳಿಕ ನಡಿಗೆ, ಮಾತು ತಪ್ಪತೊಡಗಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆಮೇಲೆ ಪರೀಕ್ಷಿಸಿದಾಗ ಆ ದ್ರವ ಅಂಥ ಗ್ಲೌಸನ್ನು ದಾಟಲು 15 ಸೆಕೆಂಡೂ ಬೇಡ ಎಂದು ತಿಳಿಯಿತು. ಅಷ್ಟು ತಿಳಿದವರಿಗೇ ಹೀಗಾಯಿತೆಂದರೆ, ‘ಬಿಳಿ, 200’ ಎಂದು ಚೀಟಿ ಬರೆಯುವ ನಮ್ಮ ಕತೆ ಏನು?

ಲೇಬಲ್ಲಿನಲ್ಲಿರುವ ಜಾತಕ

ಒಳ್ಳೆಯ ಸೂಟಿನ ಒಳಗೆ, ಕತ್ತಿನ ಹತ್ತಿರ ಒಂದು ಲೇಬಲ್ ಇರುತ್ತದೆ. ಅದೇ ಅದರ ಜಾತಕ. ಯುರೋಪಿನ ಮಾನದಂಡದ ‘ಟೈಪ್’ ಸಂಖ್ಯೆಗಳನ್ನು ನಮ್ಮಲ್ಲೂ ಹೆಚ್ಚಾಗಿ ಬಳಸುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ರಕ್ಷಣೆ ದೊಡ್ಡದು ಎಂಬುದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ನಾನು ಮೊದಲು ಉಲ್ಟಾ ತಿಳಿದಿದ್ದೆ, ಟೈಪ್ 6 ಎಂದರೆ ಎಲ್ಲಕ್ಕಿಂತ ಗಟ್ಟಿ ಅಂತ!

ಟೈಪ್ 1 ಅನಿಲವೂ ನುಸುಳದ ಸೂಟು. ಉಸಿರಾಟಕ್ಕೆ ಬೇರೆ ಗಾಳಿಯ ವ್ಯವಸ್ಥೆ ಬೇಕು. ಟೈಪ್ 3 ಒತ್ತಡದಿಂದ ಚಿಮ್ಮುವ ದ್ರವಕ್ಕೆ. ಟೈಪ್ 4 ಮೈ ತೊಯ್ಯುವಂತೆ ಸ್ಪ್ರೇ ಆಗುವ ದ್ರವಕ್ಕೆ. ಟೈಪ್ 5 ಗಾಳಿಯಲ್ಲಿ ಹಾರುವ ಪುಡಿ, ಧೂಳಿಗೆ. ಟೈಪ್ 6 ಅಲ್ಲೊಂದು ಇಲ್ಲೊಂದು ಸಣ್ಣ ಹನಿ ಸಿಡಿಯುವ ಕಡೆಗೆ. ಹೋಸ್ ಬಿಚ್ಚುವ ಕೆಲಸಕ್ಕೆ ಬೇಕಿದ್ದುದು ಟೈಪ್ 3. ಅಂದರೆ ಬಟ್ಟೆಗೆ ಪ್ಲಾಸ್ಟಿಕ್ ಪದರದ ಲೇಪ, ಹೊಲಿಗೆಯ ಮೇಲೆ ಅಂಟಿಸಿದ ಟೇಪು, ಜಿಪ್ ಮೇಲೆ ಅಂಟುವ ಪಟ್ಟಿ.

ಹಾಗಾದರೆ ಎಲ್ಲರಿಗೂ ಟೈಪ್ 3 ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ನಾನೂ ಕೇಳಿದೆ. ಅಲ್ಲೇ ಎಡವಟ್ಟು. ಲೇಪವಿರುವ ಸೂಟಿನಿಂದ ಬೆವರು ಹೊರಹೋಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಅದನ್ನು ಹಾಕಿಕೊಂಡು ದಿನವಿಡೀ ಪುಡಿಯ ಮೂಟೆ ಸುರಿಯಿರಿ ಎಂದರೆ ಜನ ಜಿಪ್ ಇಳಿಸಿಕೊಳ್ಳುತ್ತಾರೆ, ಇಲ್ಲವೇ ತಲೆಸುತ್ತಿ ಬೀಳುತ್ತಾರೆ. ಪುಡಿಯ ಕೆಲಸಕ್ಕೆ ಗಾಳಿಯಾಡುವ ಟೈಪ್ 5 ಸರಿ. ಕಡಿಮೆಯೂ ತಪ್ಪು, ಅತಿಯೂ ತಪ್ಪು. ಟೈಪ್ 3 ಹಾಕುವ ಕಡೆ ಈಗ ಸರದಿ ಪ್ರಕಾರ ಸ್ವಲ್ಪ ಹೊತ್ತು ಕೆಲಸ, ಆಮೇಲೆ ನೆರಳು, ನೀರು, ವಿಶ್ರಾಂತಿ ಎಂದು ನಿಯಮ ಮಾಡಿದ್ದೇವೆ.

ಟೈಪ್ ನೋಡಿದರಷ್ಟೇ ಸಾಲದು. ತಯಾರಕರಿಂದ ಒಂದು ಪಟ್ಟಿ ಕೇಳಿ ಪಡೆಯಬೇಕು. ಯಾವ ಕೆಮಿಕಲ್ ಈ ಬಟ್ಟೆಯನ್ನು ದಾಟಲು ಎಷ್ಟು ನಿಮಿಷ ಬೇಕು ಎಂಬ ಪಟ್ಟಿ. 10 ನಿಮಿಷ ದಾಟಿದರೆ 1ನೇ ದರ್ಜೆ, 480 ನಿಮಿಷ ದಾಟಿದರೆ 6ನೇ ದರ್ಜೆ. ಇಲ್ಲಿ ಮಾತ್ರ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ನಮಗೆ ಬಂದ ಪಟ್ಟಿಯಲ್ಲಿ ಒಂದೇ ಸೂಟಿಗೆ ಕಾಸ್ಟಿಕ್ ಲೈ ಎದುರು ‘480ಕ್ಕಿಂತ ಹೆಚ್ಚು’ ಎಂದಿತ್ತು. ಡೈಕ್ಲೋರೋಮೀಥೇನ್ ಎದುರು ‘ತಕ್ಷಣ’ ಎಂದಿತ್ತು! ಲೈಗೆ ಭೀಮನಾದ ಸೂಟು ಆ ಸಾಲ್ವೆಂಟಿನ ಮುಂದೆ ಬರೀ ಬಟ್ಟೆ. ಇನ್ನೊಂದು ವಿಷಯ, ಈ ಪರೀಕ್ಷೆ ನಡೆಯುವುದು 23 ಡಿಗ್ರಿಯ ಲ್ಯಾಬಿನಲ್ಲಿ. ನಮ್ಮ ಯಾರ್ಡಿನ ಬಿಸಿಲಿನಲ್ಲಿ ಕೆಮಿಕಲ್ ಇನ್ನೂ ಬೇಗ ದಾಟಬಹುದು. 480 ಎಂದಿದೆ ಎಂದು ಎಂಟು ಗಂಟೆ ನಿಶ್ಚಿಂತೆಯಿಂದ ಹಾಕಿಕೊಂಡಿರುವ ಹಾಗಿಲ್ಲ.

ಈಗ ನಮ್ಮ ಇಂಡೆಂಟ್ ಚೀಟಿಯಲ್ಲಿ ಹೊಸ ಕಲಂಗಳಿವೆ. ಕೆಮಿಕಲ್ ಯಾವುದು, ಎಷ್ಟು ಗಾಢ? ಮೈಮೇಲೆ ಹೇಗೆ ಬೀಳಬಹುದು, ಪುಡಿಯೋ ಹನಿಯೋ ಚಿಮ್ಮುವ ಧಾರೆಯೋ? ಎಷ್ಟು ಹೊತ್ತಿನ ಕೆಲಸ? ಹತ್ತಿರ ಬೆಂಕಿ, ವೆಲ್ಡಿಂಗ್, ಹೊತ್ತಿಕೊಳ್ಳುವ ಆವಿ ಇದೆಯೇ? ಈ ಸೂಟುಗಳು ಪಾಲಿಥೀನ್, ಪಾಲಿಪ್ರೊಪಿಲೀನ್ ಜಾತಿಯವು. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಇವಿಷ್ಟು ತುಂಬದ ಚೀಟಿಯನ್ನು ನಾನು ವಾಪಸ್ ಕಳಿಸುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಆ ಕೆಮಿಕಲ್ಲಿನ ಸೇಫ್ಟಿ ಡೇಟಾ ಶೀಟ್ ತೆಗೆದು ನೋಡಬೇಕು. 16 ಭಾಗಗಳಿರುತ್ತವೆ, ಅದರಲ್ಲಿ 8ನೆಯದು ಯಾವ ರಕ್ಷಣಾ ಸಾಧನ ಬೇಕು ಎಂದು ಹೇಳುತ್ತದೆ. ಕೆಲಸಗಾರನಿಗೆ ಈ ಮಾಹಿತಿ ಕೇಳುವ ಹಕ್ಕೂ ಇದೆ. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಕೇಳಿದರೆ ತಲೆಹರಟೆ ಅನ್ನುತ್ತಾರೇನೋ ಎಂದು ಸುಮ್ಮನಿರಬೇಡಿ.

ಕುಕ್ಕರುಗಾಲಿನ ಪರೀಕ್ಷೆ

ಸರಿಯಾದ ಸೂಟು ತಂದರೂ ತಪ್ಪಾಗಿ ಹಾಕಿದರೆ ಪ್ರಯೋಜನವಿಲ್ಲ. ನಮ್ಮವರ ಸೂಟುಗಳು ಹರಿಯುವುದು ಬಹುತೇಕ ಒಂದೇ ಕಡೆ, ತೊಡೆಸಂದಿಯಲ್ಲಿ. ಕಾರಣ ಸರಳ. ವಾಲ್ವ್ ತಿರುಗಿಸಲು ನಾವು ಕುಕ್ಕರುಗಾಲಲ್ಲಿ ಕೂರುತ್ತೇವೆ. ಆದ್ದರಿಂದ ಸೂಟು ಹಾಕಿದ ಮೇಲೆ ಎರಡು ಕೈ ಮೇಲೆತ್ತಿ, ಸೊಂಟ ಬಗ್ಗಿಸಿ, ಕುಕ್ಕರುಗಾಲಲ್ಲಿ ಕೂತು ಏಳಬೇಕು. ಎಲ್ಲೂ ಬಿಗಿಯಬಾರದು. ಬಿಗಿದರೆ ಒಂದು ಸೈಜು ದೊಡ್ಡದು. ತೀರಾ ದೊಗಲೆಯಾದರೆ ಮೆಷಿನ್ನಿಗೆ ಸಿಕ್ಕಿಕೊಳ್ಳುತ್ತದೆ.

ಹಾಕುವ ಮೊದಲು ಹೊಲಿಗೆ, ಜಿಪ್ ನೋಡಿ. ಪ್ಯಾಂಟಿನ ಅಂಚು ಗಮ್‌ಬೂಟಿನ ಹೊರಗೆ ಇರಬೇಕು. ಒಳಗೆ ತುರುಕಿದರೆ ಸುರಿದದ್ದೆಲ್ಲ ಬೂಟಿನೊಳಗೆ ಇಳಿದು ಕಾಲು ಅದರಲ್ಲೇ ನೆನೆಯುತ್ತದೆ. ಕೈ ಕೆಳಗಿಟ್ಟು ಮಾಡುವ ಕೆಲಸವಾದರೆ ತೋಳು ಗ್ಲೌಸಿನ ಮೇಲೆ, ತಲೆಯ ಮೇಲಕ್ಕೆ ಕೈ ಎತ್ತುವ ಕೆಲಸವಾದರೆ ಗ್ಲೌಸು ತೋಳಿನ ಮೇಲೆ. ನೀರು ಯಾವ ಕಡೆ ಹರಿಯುತ್ತದೆ ಎಂದು ಯೋಚಿಸಿದರೆ ಇದು ತಾನಾಗಿ ಹೊಳೆಯುತ್ತದೆ. ಟೇಪು ಸುತ್ತಿದರೆ ತುದಿಯನ್ನು ಮಡಚಿ ಬಿಡಿ, ಬಿಚ್ಚುವಾಗ ಗ್ಲೌಸಿನ ಬೆರಳಿಗೆ ಸಿಗಲಿ.

ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಕೆಮಿಕಲ್ ಬಿದ್ದಿದ್ದರೆ ಮೊದಲು ಸೂಟಿನ ಸಮೇತ ನೀರಿನಡಿ ನಿಂತು ತೊಳೆದುಕೊಳ್ಳಬೇಕು. ಆಮೇಲೆ ಟೋಪಿ ಹಿಂದಕ್ಕೆ, ಜಿಪ್ ಕೆಳಕ್ಕೆ, ಭುಜದಿಂದ ಸುತ್ತುತ್ತಾ ಒಳಮಗ್ಗುಲನ್ನು ಹೊರಗೆ ಮಾಡಿಕೊಂಡು ಇಳಿಸಬೇಕು. ಕೊಳೆಯೆಲ್ಲ ಸುರುಳಿಯ ಒಳಗೇ ಉಳಿಯಬೇಕು. ಜೊತೆಗೊಬ್ಬರು ಗ್ಲೌಸ್ ಹಾಕಿ ನಿಂತರೆ ಅರ್ಧ ಕೆಲಸ ಸಲೀಸು. ಆಮೇಲೆ ಸೂಟನ್ನು ಅಪಾಯಕಾರಿ ತ್ಯಾಜ್ಯದ ಡಬ್ಬಕ್ಕೆ ಹಾಕಬೇಕು. ತೊಳೆದು ಒಣಗಿಸಿ ಮತ್ತೆ ಹಾಕುವ ಹಾಗಿಲ್ಲ.

ಈ ಕೊನೆಯ ಮಾತು ಬರೆಯುವಾಗ ನನಗೆ ಚಿಕ್ಕಪ್ಪ ನೆನಪಾಗುತ್ತಾರೆ. ಆ ಅಗ್ಗದ ಸೂಟುಗಳಲ್ಲಿ ಎರಡನ್ನು ನಾನೇ ಊರಿಗೆ ಒಯ್ದು ಕೊಟ್ಟಿದ್ದೆ. ಅಪಘಾತವಾದ ಮೇಲೆ ಒಂದು ಭಾನುವಾರ ಹೋದರೆ, ಟೊಮೆಟೊ ತೋಟದಲ್ಲಿ ಚಿಕ್ಕಪ್ಪ ಅದನ್ನೇ ತೊಟ್ಟು, ಬರಿಗಾಲಲ್ಲಿ, ಬೆನ್ನಿಗೆ ಸ್ಪ್ರೇಯರ್ ಕಟ್ಟಿ ಔಷಧಿ ಹೊಡೆಯುತ್ತಿದ್ದಾರೆ. ‘ನೋಡೋ, ನಿನ್ ಸೂಟು! ಏಳೆಂಟ್ ಸಲ ಒಗ್ದಿದೀನಿ, ಏನೂ ಆಗಿಲ್ಲ’ ಎಂದರು ಹೆಮ್ಮೆಯಿಂದ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿ ಹೊಲಗಳಿಗೆ ಕೀಟನಾಶಕ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತದ್ದನ್ನು ಅವರಿಗೆ ಹೇಳಿದೆ. ಆ ಸೂಟನ್ನು ಕಿತ್ತುಕೊಂಡು ಬಂದೆ. ಮುಂದಿನ ವಾರ ಗಮ್‌ಬೂಟು, ನೈಟ್ರೈಲ್ ಗ್ಲೌಸ್, ಪ್ಲಾಸ್ಟಿಕ್ ಏಪ್ರನ್, ಔಷಧಿಗೆ ಹೊಂದುವ ಮಾಸ್ಕು ಕೊಂಡೊಯ್ದು ಕೊಟ್ಟೆ. ಗಾಳಿಗೆ ಎದುರು ನಿಂತು ಹೊಡೆಯಬೇಡಿ, ಬಂದ ಕೂಡಲೇ ಸ್ನಾನ ಮಾಡಿ, ಆ ಬಟ್ಟೆ ಬೇರೆಯಾಗಿ ಒಗೆಯಿರಿ ಎಂದೆ. ‘ನಿಮ್ ಫ್ಯಾಕ್ಟ್ರಿ ಬುದ್ಧಿಯೆಲ್ಲಾ ಇಲ್ಲಿ ತಂದ್ಯಾ’ ಎಂದು ಗೊಣಗಿದರು. ಬೂಟು ಮಾತ್ರ ಹಾಕಿಕೊಂಡರು.

ಸೂಟು ಕೊನೆಯ ಕಾವಲು ಎಂಬುದನ್ನೂ ಈ ಎರಡು ವರ್ಷದಲ್ಲಿ ಕಲಿತೆ. ಮೊದಲ ಕಾವಲು ಕೆಮಿಕಲ್ ಮೈಮೇಲೆ ಬೀಳದ ಹಾಗೆ ಮಾಡುವುದು. ನಮ್ಮಲ್ಲೀಗ ಹೋಸ್ ಬಿಚ್ಚುವ ಮೊದಲು ಉಳಿದ ಲೈಯನ್ನು ಕೆಳಗಿನ ವಾಲ್ವ್‌ನಿಂದ ಖಾಲಿ ಮಾಡುತ್ತಾರೆ. ಸಣ್ಣ ಬದಲಾವಣೆ. ಅದು ಅಂದೇ ಇದ್ದಿದ್ದರೆ ನಾನು ಯಾವ ಸೂಟು ತಂದಿದ್ದರೂ ನಡೆಯುತ್ತಿತ್ತೇನೋ. ಆದರೆ ಯಂತ್ರ ಕೈಕೊಟ್ಟ ದಿನ ಮೈ ಮತ್ತು ಕೆಮಿಕಲ್ ನಡುವೆ ಉಳಿಯುವುದು ಆ ತೆಳು ಪದರ ಒಂದೇ.

ದೊಡ್ಡಣ್ಣ ರಜೆಯಲ್ಲಿದ್ದಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ನಾನು ಬರೆದುಕೊಟ್ಟ ಹಾಳೆಯ ವಿಷಯ ಅವರಿಗೆ ಗೊತ್ತಾಗಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ, ‘ಅಜಾಗರೂಕತೆ ಅಂತ ಬರ್ದಿದ್ರಂತಲ್ಲ ಮರಿ. ಇಷ್ಟು ವರ್ಷದ ಸರ್ವೀಸಲ್ಲಿ ಒಂದ್ಸಲಾನೂ ಶೀಲ್ಡ್ ಇಲ್ದೆ ಹೋಸ್ ಮುಟ್ಟಿಲ್ಲ ನಾನು’ ಎಂದರು. ತೊಡೆಯ ನೋವಿಗಿಂತ ಆ ಒಂದು ಪದ ಅವರಿಗೆ ಹೆಚ್ಚು ನೋಯಿಸಿತ್ತು. ಅವರ ಹೆಂಡತಿ ಕಾಫಿ ತಂದುಕೊಟ್ಟರು. ಕುಡಿದು ಎದ್ದು ಬಂದೆ.

ಈಗ ಅವರು ಮತ್ತೆ ಯಾರ್ಡಿನಲ್ಲಿದ್ದಾರೆ. ಲೈ ಟ್ಯಾಂಕರ್ ಬರುವ ದಿನ ಕೌಂಟರಿಗೆ ಬಂದು ಸೂಟು ಕೈಗೆ ತೆಗೆದುಕೊಳ್ಳುತ್ತಾರೆ. ಕನ್ನಡಕ ಏರಿಸಿ ಕತ್ತಿನ ಹತ್ತಿರದ ಲೇಬಲ್ ಬಿಡಿಸಿ ನೋಡುತ್ತಾರೆ. ಹೊಲಿಗೆಯ ಟೇಪನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಆಮೇಲೆ, ‘ಇದು ಮೂರನೇ ನಂಬರಿಂದೇ ತಾನೇ ಮರಿ?’ ಎಂದು ಕೇಳುತ್ತಾರೆ.

‘ಮೂರನೇದೇ ಅಣ್ಣ. ನೀವೇ ಓದಿದ್ರಲ್ಲ’ ಎನ್ನುತ್ತೇನೆ.

‘ಓದ್ದೆ. ಆದ್ರೂ ನೀನೊಂದ್ಸಲ ಹೇಳು’ ಎನ್ನುತ್ತಾರೆ. ನಾನೂ ಲೇಬಲ್ ಮತ್ತೊಮ್ಮೆ ಓದಿಯೇ ಹೇಳುತ್ತೇನೆ.